ಆನ್‌ಲೈನ್ ಆಟದ ಖಾತೆ ಕಳವು ಮತ್ತು ಹೊಣೆಯ ವಿವಾದ: ನಾಸಿಕ್, ಛತ್ರಪತಿ ಸಂಭಾಜಿನಗರ

ಆನ್‌ಲೈನ್ ಆಟಗಾರನ ಖಾತೆಯನ್ನು ಅವನಿಗೆ ಗೊತ್ತಿಲ್ಲದಂತೆ ಮತ್ತೊಬ್ಬರು ವಶಪಡಿಸಿಕೊಂಡು, ಅದರಲ್ಲಿರುವ ಯುಸಿ, ಡೈಮಂಡ್ (ಆಟದೊಳಗಿನ ಹಣ), ಸ್ಕಿನ್ (ಪಾತ್ರ, ಆಯುಧಗಳ ಅಲಂಕಾರ) ಮುಂತಾದವನ್ನು ಖರ್ಚು ಮಾಡುವುದು ಅಥವಾ ಇಡೀ ಐಡಿಯನ್ನೇ ಮಾರಿಬಿಡುವುದು ಖಾತೆ ಕಳವು. ಕದ್ದವನು ಕೈಗೆ ಸಿಗದಿದ್ದಾಗ ಜಗಳ ಉಳಿದವರ ನಡುವೆ ನಡೆಯುತ್ತದೆ. ಪಾಸ್‌ವರ್ಡ್ ಜೋಪಾನ ಮಾಡಬೇಕಾದ ಆಟಗಾರ, ಆಟ ನಡೆಸುವ ಕಂಪನಿ, ಲಾಗಿನ್‌ಗೆ ಬಾಗಿಲಾದ ಫೇಸ್‌ಬುಕ್ ಅಥವಾ ಗೂಗಲ್, ಒಟಿಪಿ ತಲುಪಿಸುವ ಮೊಬೈಲ್ ಕಂಪನಿ, ಐಡಿ ಕೊಡಿಸಿದ ಮಧ್ಯವರ್ತಿ: ಇವರಲ್ಲಿ ನಷ್ಟ ಹೊರಬೇಕಾದವರು ಯಾರು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಭಾರತದಲ್ಲಿ ಈ ಪ್ರಶ್ನೆಗೆ ಹಿನ್ನೆಲೆಯಾಗಿ ನಿಷೇಧಗಳ ಒಂದು ಸರಣಿಯೇ ಇದೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು ನಿಷೇಧಕ್ಕೊಳಗಾಯಿತು. ಅದರ ಜಾಗಕ್ಕೆ ಕ್ರಾಫ್ಟನ್ ಕಂಪನಿಯ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ (ಬಿಜಿಎಂಐ) 2021ರ ಜುಲೈ 2ರಂದು ಬಂತು. 2022ರ ಜುಲೈನಲ್ಲಿ ಅದನ್ನೂ ತಡೆಹಿಡಿಯಲಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಿಡಲಾಯಿತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಂತಿತು. ಹಳೆಯ ಪಬ್‌ಜಿ ಖಾತೆಯ ಗಳಿಕೆಯನ್ನು ಬಿಜಿಎಂಐಗೆ ಸಾಗಿಸಿಕೊಳ್ಳಲು ಅವಕಾಶವಿತ್ತು. ಅದಕ್ಕೆ ಕೀಲಿ ಹಳೆಯ ಫೇಸ್‌ಬುಕ್ ಅಥವಾ ಟ್ವಿಟರ್ ಲಾಗಿನ್. ಆ ಲಾಗಿನ್ ಯಾರ ಕೈಯಲ್ಲಿತ್ತೋ ಐಡಿ ಅವರದಾಯಿತು.

ಕಳವಿನ ದಾರಿಗಳು ಹೊಸತೇನಲ್ಲ. ಉಚಿತ ಯುಸಿಯ ಆಸೆ ತೋರಿಸಿ ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆಸಿಕೊಳ್ಳುವುದು ಹಳೆಯ ದಾರಿ. ಬೇರೆಲ್ಲೋ ಸೋರಿದ ಪಾಸ್‌ವರ್ಡನ್ನು ಆಟದ ಖಾತೆಗೆ ಹಾಕಿ ನೋಡುವುದು ಇನ್ನೊಂದು. ರೀಚಾರ್ಜ್ ಮಾಡದೆ ಕೈಬಿಟ್ಟ ಮೊಬೈಲ್ ಸಂಖ್ಯೆ ಕೆಲವು ತಿಂಗಳ ಬಳಿಕ ಹೊಸಬರ ಪಾಲಾದರೆ ಒಟಿಪಿಯೂ ಅವರಿಗೇ ಹೋಗುತ್ತದೆ. ಇವೆಲ್ಲಕ್ಕಿಂತ ಸಿಕ್ಕಾಗಿರುವುದು ಮಾರಿದ ಐಡಿ: ಮಾರಿದವನೇ ಮೂಲ ಇಮೇಲ್ ಬಳಸಿ ‘ರಿಕವರಿ’ ಕೇಳಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ದುಡ್ಡು ಕೊಟ್ಟವನಿಗೆ ಇದು ಶುದ್ಧ ಕಳವು. ಕಂಪನಿಯ ದಾಖಲೆಯಲ್ಲಿ ಮಾತ್ರ ನೋಂದಾಯಿತ ಬಳಕೆದಾರ ತನ್ನ ಖಾತೆಗೆ ಮರಳಿದ ಅಷ್ಟೆ. ಖಾತೆ ಮಾರಾಟವನ್ನೇ ಬಹುತೇಕ ಆಟಗಳ ಷರತ್ತುಗಳು ನಿಷೇಧಿಸಿರುವುದರಿಂದ ಕೊಂಡವನ ದೂರಿಗೆ ಅಲ್ಲಿ ಬೆಲೆಯಿಲ್ಲ. ಕದ್ದವನು ಮೋಸದ ಸಾಫ್ಟ್‌ವೇರ್ ಬಳಸಿ ಆಡಿ ಖಾತೆ ಬ್ಯಾನ್ ಆದರೆ ಶಿಕ್ಷೆಯೂ ಮೂಲ ಆಟಗಾರನಿಗೇ.

ಇದು ಸಣ್ಣ ಪ್ರಮಾಣದ ಪೀಡೆಯಲ್ಲ. ಅಮೆರಿಕದ ವಾಲ್ವ್ ಕಂಪನಿಯು ತನ್ನ ಸ್ಟೀಮ್ ವೇದಿಕೆಯಲ್ಲಿ ತಿಂಗಳಿಗೆ ಸುಮಾರು 77,000 ಖಾತೆಗಳು ಕಳವಾಗುತ್ತಿವೆ ಎಂದು 2015ರ ಡಿಸೆಂಬರ್‌ನಲ್ಲಿ ತಾನೇ ಹೇಳಿತು. ತಪ್ಪು ಸದಾ ಆಟಗಾರನದೂ ಅಲ್ಲ. 2011ರ ಏಪ್ರಿಲ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ನುಗ್ಗಿದವರಿಂದ ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಲುಕಿತು; ಬ್ರಿಟನ್ನಿನ ಮಾಹಿತಿ ಆಯುಕ್ತರು 2013ರಲ್ಲಿ ಕಂಪನಿಗೆ 2.5 ಲಕ್ಷ ಪೌಂಡ್ ದಂಡ ಹಾಕಿದರು.

ಭಾರತೀಯ ಕಾನೂನಿನಲ್ಲಿ ಅಪರಾಧದ ಭಾಗ ಸಾಕಷ್ಟು ಸ್ಪಷ್ಟವಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಕಲಂ ಅನಧಿಕೃತ ಪ್ರವೇಶಕ್ಕೂ, 66ಸಿ ಬೇರೊಬ್ಬರ ಪಾಸ್‌ವರ್ಡ್ ಬಳಸುವುದಕ್ಕೂ, 66ಡಿ ಸೋಗು ಹಾಕಿ ವಂಚಿಸುವುದಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತವೆ. ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ನಡೆಸುವಂತಿಲ್ಲ. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಎರಡರಲ್ಲೂ ಪೊಲೀಸ್ ಆಯುಕ್ತಾಲಯವಿದೆ, ಸೈಬರ್ ಠಾಣೆಯಿದೆ. 1930 ಸಹಾಯವಾಣಿಗೆ ಬೇಗ ಕರೆ ಮಾಡಿದರೆ ಬ್ಯಾಂಕಿನಿಂದ ಹೊರಟ ಹಣವನ್ನು ದಾರಿಯಲ್ಲೇ ತಡೆಯುವ ವ್ಯವಸ್ಥೆಯೂ ಇದೆ. ಆದರೆ ಆ ವ್ಯವಸ್ಥೆ ಹಿಡಿಯುವುದು ರೂಪಾಯಿಯನ್ನು. ಆಟದೊಳಗೆ ಕೈಬದಲಾದ ಸ್ಕಿನ್ ಅದರ ಬಲೆಗೆ ಬೀಳುವುದಿಲ್ಲ.

ತೊಡಕು ಇರುವುದು ಪರಿಹಾರದಲ್ಲಿ, ಅದರಲ್ಲೂ ರುಜುವಾತಿನ ಭಾರದಲ್ಲಿ. ಬ್ಯಾಂಕ್ ಖಾತೆಯ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ನಿಯಮ ಮಾಡಿತು: ಗ್ರಾಹಕನದೂ ಬ್ಯಾಂಕಿನದೂ ಅಲ್ಲದ ಲೋಪದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ, ಹೊಣೆ ಗ್ರಾಹಕನದೇ ಎನ್ನುವುದಾದರೆ ಅದನ್ನು ಬ್ಯಾಂಕೇ ಸಾಬೀತುಪಡಿಸಬೇಕು. ಆಟದ ಖಾತೆಗೆ ಇಂಥ ನಿಯಮವಿಲ್ಲ. ಪಾಸ್‌ವರ್ಡ್ ಕಾಯುವ ಹೊಣೆ ಪೂರ್ತಿ ಬಳಕೆದಾರನದು ಎಂದು ಕಂಪನಿಯ ಷರತ್ತು ಹೇಳುತ್ತದೆ. ಯಾವ ಫೋನಿನಿಂದ, ಯಾವ ಊರಿನಿಂದ, ಎಷ್ಟು ಹೊತ್ತಿಗೆ ಲಾಗಿನ್ ಆಯಿತು ಎಂಬ ದಾಖಲೆ ಇರುವುದು ಮಾತ್ರ ಕಂಪನಿಯ ಸರ್ವರ್‌ನಲ್ಲಿ. ಸಾಕ್ಷ್ಯ ಒಬ್ಬರ ಬಳಿ, ಅದನ್ನು ತಂದೊಪ್ಪಿಸುವ ಭಾರ ಇನ್ನೊಬ್ಬರ ಮೇಲೆ, ಇದು ನ್ಯಾಯವಲ್ಲ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟರೆ ಸಾಕು. ದೂರು ತಡವಾದರೆ ಆ ಸಾಕ್ಷ್ಯವೂ ಅಳಿದುಹೋಗಬಹುದು.

ಭಾರ ಹಂಚುವುದು ಸಾಧ್ಯ ಎಂಬುದಕ್ಕೆ ಮಹಾರಾಷ್ಟ್ರದಲ್ಲೇ ಒಂದು ಮಾದರಿ ಇದೆ, ಆಟದ್ದಲ್ಲ, ಬ್ಯಾಂಕಿನದು. ಪ್ರತಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 46ನೇ ಕಲಮಿನಡಿ ನ್ಯಾಯನಿರ್ಣಯಾಧಿಕಾರಿ. 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಗಳನ್ನು ಅವರು ಕೇಳುತ್ತಾರೆ. ಆ ಸ್ಥಾನದಲ್ಲಿದ್ದ ರಾಜೇಶ್ ಅಗರ್ವಾಲ್ 2013ರಲ್ಲಿ ಪುಣೆಯ ಪೂನಾ ಆಟೊ ಆನ್ಸಿಲರೀಸ್ ಪ್ರಕರಣದಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್ 45 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದರು. ಖಾತೆಯಿಂದ ಹೋದದ್ದು 80.10 ಲಕ್ಷ. ಮೋಸದ ಇಮೇಲ್‌ಗೆ ಉತ್ತರಿಸಿದ್ದು ಗ್ರಾಹಕರ ತಪ್ಪು ಎಂದು ಒಪ್ಪಿಯೂ, ವಂಚಕರ ಖಾತೆಗಳನ್ನು ಸರಿಯಾಗಿ ಪರಿಶೀಲಿಸದ ಬ್ಯಾಂಕಿನ ತಪ್ಪನ್ನು ಅವರು ಬಿಟ್ಟುಕೊಡಲಿಲ್ಲ. ಪಾಸ್‌ವರ್ಡ್ ಕೊಟ್ಟವನೇ ಎಲ್ಲಕ್ಕೂ ಹೊಣೆ ಎಂಬ ವಾದ ಇಲ್ಲಿ ಗೆಲ್ಲಲಿಲ್ಲ, ಆಟದ ಕಂಪನಿಗಳ ವಿರುದ್ಧವೂ ಇದೇ ತರ್ಕ ಹೂಡಬಹುದು. ಆದರೆ ನ್ಯಾಯನಿರ್ಣಯಾಧಿಕಾರಿಯ ಕಚೇರಿ ಮುಂಬೈಯಲ್ಲಿದೆ. ಅಲ್ಲಿಂದ ಮೇಲ್ಮನವಿ ದೆಹಲಿಯ ಟಿಡಿಸ್ಯಾಟ್ ನ್ಯಾಯಮಂಡಳಿಗೆ, ಆಮೇಲೆ ಹೈಕೋರ್ಟಿಗೆ ಹೋಗುತ್ತದೆ. ಕೆಲವು ಸಾವಿರ ರೂಪಾಯಿಯ ಯುಸಿ ಕಳೆದುಕೊಂಡ ನಾಸಿಕ್‌ನ ಕಾಲೇಜು ಹುಡುಗ ಈ ಮೆಟ್ಟಿಲುಗಳನ್ನು ಹತ್ತಲಾರ.

ಅವನಿಗೆ ಹತ್ತಿರದ್ದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ದುಡ್ಡು ಕೊಟ್ಟು ಕೊಂಡ ಯುಸಿಗೆ ರಸೀದಿ ಇರುವುದರಿಂದ ‘ಗ್ರಾಹಕ’ ಎನಿಸಿಕೊಳ್ಳುವುದು ಸುಲಭ. ಆಡಿ ಗಳಿಸಿದ ಸ್ಕಿನ್‌ಗೆ ರಸೀದಿ ಎಲ್ಲಿಂದ ತರುವುದು? ಚೀನಾದ ಬೀಜಿಂಗ್‌ನಲ್ಲಿ ಚಾವೊಯಾಂಗ್ ಜಿಲ್ಲಾ ನ್ಯಾಯಾಲಯ 2003ರಲ್ಲೇ ಇಂಥ ಸಂದರ್ಭವನ್ನು ಎದುರಿಸಿ, ‘ರೆಡ್ ಮೂನ್’ ಆಟದ ಖಾತೆಯಿಂದ ಕಳವಾದ ಆಯುಧಗಳನ್ನು ಮರಳಿ ಕೊಡುವಂತೆ ಕಂಪನಿಗೆ ಆದೇಶಿಸಿತ್ತು. ನೆದರ್‌ಲ್ಯಾಂಡ್ಸ್‌ನ ಸುಪ್ರೀಂ ಕೋರ್ಟ್ 2012ರಲ್ಲಿ, ರೂನ್‌ಸ್ಕೇಪ್ ಆಟದ ತಾಯಿತ ಮತ್ತು ಮುಖವಾಡವನ್ನು ಬಾಲಕನೊಬ್ಬನನ್ನು ಹೊಡೆದು ಕಿತ್ತುಕೊಂಡದ್ದು ಕಳ್ಳತನವೇ ಎಂದಿತು.

ಖಾತೆದಾರ ಅಪ್ರಾಪ್ತನಾದರೆ ಇನ್ನೊಂದು ಗಂಟು. 1872ರ ಕರಾರು ಕಾಯ್ದೆಯ 11ನೇ ಕಲಂ ಹದಿನೆಂಟು ತುಂಬದವರಿಗೆ ಕರಾರಿನ ಅರ್ಹತೆ ಕೊಡುವುದಿಲ್ಲ. 1903ರ ಮೊಹರಿ ಬೀಬಿ ತೀರ್ಪಿನಿಂದ ಅಂಥ ಕರಾರು ಮೊದಲಿನಿಂದಲೇ ಅಸಿಂಧು. ಹಾಗಿದ್ದರೆ ಹದಿನಾಲ್ಕರ ಹುಡುಗ ಒತ್ತಿದ ‘ಒಪ್ಪಿಗೆ’ ಗುಂಡಿಯ ಬಲದ ಮೇಲೆ ಕಂಪನಿ ಹೊಣೆ ಕಳಚಿಕೊಳ್ಳುವುದು ಕಷ್ಟ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಭದ್ರತೆಯಲ್ಲಿ ಸೋತ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಲ್ಲದು. 2025ರ ನವೆಂಬರ್‌ನಲ್ಲಿ ಹೊರಟ ಅಧಿಸೂಚನೆಯ ಪ್ರಕಾರ ಅದರ ಮುಖ್ಯ ಕಲಮುಗಳು ಹದಿನೆಂಟು ತಿಂಗಳ ಬಳಿಕ, 2027ರ ಮೇ ತಿಂಗಳಲ್ಲಿ ಜಾರಿಯಾಗುತ್ತವೆ. ಆ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ. ಅಜಾಗರೂಕ ಕಂಪನಿಯಿಂದ ನೊಂದವನಿಗೆ ನೇರ ಪರಿಹಾರ ಕೊಡಿಸುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಅದೇ ಹೊತ್ತಿಗೆ ರದ್ದಾಗಲಿದೆ.