ದ್ವೀಪಮಂಡೂಕಗಳ ವರ್ಗವಿಚಾರ

ಪ್ರಾಣಿಗಳನ್ನು ಲಕ್ಷಣದಿಂದ ವಿಂಗಡಿಸಿ ಹೆಸರಿಡುವ ಯತ್ನವು ಭರತಖಂಡದಲ್ಲಿ ಅತಿ ಪ್ರಾಚೀನವಾದುದು. ಋಗ್ವೇದದ 7ನೆಯ ಮಂಡಲದ ಮಂಡೂಕಸೂಕ್ತದಲ್ಲಿ ಕಪ್ಪೆಗಳನ್ನು ಬಣ್ಣದಿಂದ ಹಸುರಾದುದು, ಚುಕ್ಕೆಯುಳ್ಳದ್ದು ಎಂದೂ, ಧ್ವನಿಯಿಂದ ಹಸುವಿನಂತೆ ಕೂಗುವುದು, ಆಡಿನಂತೆ ಕೂಗುವುದು ಎಂದೂ ಬೇರ್ಪಡಿಸಿದೆ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಕೃಷ್ಣ, ಸಾರ, ಕುಹಕ, ಹರಿತ, ರಕ್ತ, ಯವವರ್ಣಾಭ, ಭೃಕುಟಿ, ಕೋಟಿಕ ಎಂಬ 8 ಬಗೆಗಳು ವಿಷಚಿಕಿತ್ಸೆಯ ಪ್ರಯೋಜನಕ್ಕಾಗಿ ಎಣಿಸಲ್ಪಟ್ಟಿವೆ. ಅಮರಕೋಶವು ಕೊಡುವ ಪರ್ಯಾಯಪದಗಳಲ್ಲಿ ‘ವರ್ಷಾಭೂ’ ಎಂಬುದು ಮಳೆಗಾಲವನ್ನೂ ‘ಪ್ಲವ’ ಎಂಬುದು ನೆಗೆತವನ್ನೂ ನಿಮಿತ್ತವಾಗಿ ಉಳ್ಳವು. ಹೀಗೆ ಬಣ್ಣ, ಧ್ವನಿ, ವಿಷ, ಕಾಲ, ಗತಿ ಇವು ಪ್ರಾಚೀನರ ವಿಭಾಗಹೇತುಗಳು. ಆಧುನಿಕರ ವಿಭಾಗಹೇತುವು ವಂಶ. ಈ ಎರಡರ ಅಂತರವನ್ನು ತಿಳಿಯಲು ಸಿಂಹಳದ್ವೀಪದ ಪೊದೆಗಪ್ಪೆಗಳ ಚರಿತ್ರೆಗಿಂತ ಉತ್ತಮವಾದ ನಿದರ್ಶನವು ದುರ್ಲಭ.

ಈ ಕಪ್ಪೆಗಳು ಅಲ್ಪಕಾಯದವು; ಬೆರಳ ತುದಿಗಳಲ್ಲಿ ಅಂಟುವ ಬಿಲ್ಲೆಗಳುಳ್ಳವು. ಇವುಗಳ ಜನ್ಮಕ್ರಮವು ವಿಲಕ್ಷಣವಾದುದು. ಒದ್ದೆ ಮಣ್ಣಿನಲ್ಲಿ, ಕೆಲವೆಡೆ ಎಲೆಗಳ ಮೇಲೆ, ಇಟ್ಟ ಮೊಟ್ಟೆಯೊಳಗೇ ಮರಿಯು ಪೂರ್ಣಾವಯವವನ್ನು ಪಡೆದು ಹೊರಬರುವುದರಿಂದ ನೀರಿನಲ್ಲಿ ಈಜುವ ಗೊದಮೊಟ್ಟೆಯ ದಶೆಯೇ ಇವುಗಳಿಗಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಮನೆಗೋಡೆಯನ್ನೇರಿ ಕುಳಿತುಕೊಳ್ಳುವ ಸಾಮಾನ್ಯವಾದ ಮರಗಪ್ಪೆಯು ಇದೇ ಕುಟುಂಬಕ್ಕೆ ಸೇರಿದುದಾದರೂ, ನೀರಿನ ಅಂಚಿನಲ್ಲಿ ನೊರೆಯ ಗೂಡನ್ನು ಕಟ್ಟಿ, ಗೊದಮೊಟ್ಟೆಗಳನ್ನು ನೀರಿಗಿಳಿಸುತ್ತದೆ. ಒಂದೇ ಕುಲದಲ್ಲಿ ಆಚಾರಭೇದವು ಇಷ್ಟಿರುವಾಗ ಹೊರಗಣ ರೂಪವೊಂದನ್ನೇ ನಂಬಿ ವರ್ಗವನ್ನು ಮಾಡುವುದು ಎಷ್ಟು ಕಷ್ಟವೆಂಬುದು ಸ್ಪಷ್ಟ.

ಈ ಕಪ್ಪೆಗಳಿಗೆ ಬಂದ ಹೆಸರುಗಳ ಪರಂಪರೆಯೇ ಒಂದು ಕೋಶದಂತಿದೆ. 1838ರಲ್ಲಿ ಚೂಡಿ ಎಂಬ ಪಂಡಿತನು ಜಾವಾ ಕಡೆಯ ಸಜಾತೀಯ ಕಪ್ಪೆಗೆ ‘ಆರ್ಕೆಸ್ಟೆಸ್’ ಎಂಬ ಗಣನಾಮವನ್ನಿಟ್ಟನು. ಗ್ರೀಕಿನಲ್ಲಿ ನರ್ತಕನೆಂದು ಇದರ ಅರ್ಥ. ಆದರೆ ಆ ಹೆಸರು 1798ರಲ್ಲಿಯೇ ಒಂದು ದುಂಬಿಗೆ ಸಂದಿತ್ತು. 1841ರಲ್ಲಿ ದ್ಯುಮೆರಿಲ್ ಮತ್ತು ಬಿಬ್ರಾನರು ‘ಇಕ್ಸಾಲಸ್’ ಎಂದರು. ಅದೂ 1837ರಲ್ಲಿ ಒಂದು ಸ್ತನಿಗೆ ಕೊಡಲ್ಪಟ್ಟಿತ್ತು. 1848ರಲ್ಲಿ ಗಿಸ್ಟೆಲನು ‘ಫಿಲಾಟಸ್’ ಎಂಬ ಬದಲು ಹೆಸರನ್ನು ಕೊಟ್ಟನು. ಆದರೂ ಬೂಲೆಂಜರನು 1890ರ ತನ್ನ ಗ್ರಂಥದಲ್ಲಿ ಇಕ್ಸಾಲಸ್ ಎಂದೇ ವ್ಯವಹರಿಸಿದನು. ಪ್ರಾಣಿಶಾಸ್ತ್ರದಲ್ಲಿ ಒಂದು ಗಣನಾಮವು ಎರಡು ಗಣಗಳಿಗೆ ಸಲ್ಲದು; ಮೊದಲು ಪಡೆದುದೇ ಅದಕ್ಕೆ ಒಡೆಯ.

ಊರ ಹೆಸರುಗಳಲ್ಲಿ ಈ ನಿಯಮವಿಲ್ಲ. ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯೆನಿಸಿದ್ದ ಊರು ರಾಮನಗರವಾಯಿತು, ಕಾನಕಾನಹಳ್ಳಿಯು ಕನಕಪುರವಾಯಿತು. ಆದರೆ ಆ ಸೀಮೆಯ ಬೆಟ್ಟಗಳ ಶಿಲೆಯನ್ನು, ಮಾಗಡಿಯ ಸಾವನದುರ್ಗವೂ ಸೇರಿ, ಭೂವಿಜ್ಞಾನಿಗಳು ಈಗಲೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಲೋಕವ್ಯವಹಾರದಲ್ಲಿ ಅಳಿದ ಹೆಸರು ಶಾಸ್ತ್ರದಲ್ಲಿ ಉಳಿಯಿತು. ಶಾಸ್ತ್ರನಾಮವು ಜನರ ಇಷ್ಟವನ್ನಲ್ಲ, ಮೊದಲ ಪ್ರಯೋಗವನ್ನು ಅನುಸರಿಸುತ್ತದೆಯೆಂಬುದಕ್ಕೆ ಇದೂ ಸಾಕ್ಷಿಯಾಗಿದೆ.

ಹೆಸರಿನ ಗೊಡವೆಯು ತೀರಿದರೂ ಲಕ್ಷಣದ ಗೊಡವೆಯು ತೀರಲಿಲ್ಲ. ನೈಯಾಯಿಕರು ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಹೇಳುತ್ತಾರೆ. ಫಿಲಾಟಸ್ ಗಣದಲ್ಲಿದ್ದುದು ಅತಿವ್ಯಾಪ್ತಿ. ಜಾವಾ, ಬೋರ್ನಿಯೋ, ಸಿಂಹಳ, ಸಹ್ಯಾದ್ರಿಗಳ ಕಪ್ಪೆಗಳು ರೂಪಸಾಮ್ಯದಿಂದ ಒಂದೇ ಗಣದಲ್ಲಿ ಕೂಡಿದವು. 1943ರಲ್ಲಿ ಲಾರೆಂಟನು ಸಿಂಹಳದ ಒಂದು ಕಪ್ಪೆಯನ್ನು ಮಾದರಿಯಾಗಿಟ್ಟು ‘ಸ್ಯೂಡೋಫಿಲಾಟಸ್’ ಎಂಬ ಗಣವನ್ನು ಕಲ್ಪಿಸಿದನಾದರೂ ಅದು ಬಹುಕಾಲ ಮನ್ನಣೆಯನ್ನು ಪಡೆಯಲಿಲ್ಲ. 2002ರಲ್ಲಿ ದ್ವೀಪದಲ್ಲಿ ನೂರಕ್ಕೂ ಮೇಲ್ಪಟ್ಟು ಕಪ್ಪೆಯ ಜಾತಿಗಳಿವೆಯೆಂಬುದು ಪ್ರಕಟವಾದ ಮೇಲೆ ವಿಚಾರವು ತೀವ್ರವಾಯಿತು. ಆನುವಂಶಿಕ ದ್ರವ್ಯದ ಪರೀಕ್ಷೆಯಿಂದ 2009ರಲ್ಲಿ ಲಾರೆಂಟನ ಗಣವು ಪುನರುಜ್ಜೀವಿತವಾಯಿತು. 2010ರಲ್ಲಿ ಸಹ್ಯಾದ್ರಿಯ ಬಳಗಕ್ಕೆ ‘ರಾಯೋರ್ಕೆಸ್ಟೆಸ್’ ಎಂಬ ಹೊಸ ಗಣವು ಏರ್ಪಟ್ಟಿತು. ದ್ವೀಪಗಣದ ಕೆಲವು ಜಾತಿಗಳು ಮಾತ್ರ ಸಹ್ಯಾದ್ರಿಯಲ್ಲಿವೆ. ಸಮುದ್ರಮಟ್ಟವು ಇಳಿದಾಗ ತೆರೆದಿದ್ದ ನೆಲದ ಮೇಲೆ ಅವುಗಳ ಪೂರ್ವಿಕರು ದ್ವೀಪದಿಂದ ಹಿಂದಿರುಗಿ ಬಂದವರೆಂದು ವಂಶವೃಕ್ಷದಿಂದ ಊಹಿಸಲ್ಪಟ್ಟಿದೆ.

ರಾಯೋರ್ಕೆಸ್ಟೆಸ್ ಎಂಬ ಪದದ ಪೂರ್ವಾರ್ಧವು ಕನ್ನಡನಾಡಿನ ಋಣವನ್ನು ಸ್ಮರಿಸುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಆಚಾರ್ಯರಾಗಿದ್ದ ಸಿ. ಆರ್. ನಾರಾಯಣರಾಯರು (1882–1960) 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಕೊಡಗು, ಕೆಂಪುಹೊಳೆ ಘಾಟಿ ಮೊದಲಾದೆಡೆಗಳ ಕಪ್ಪೆಗಳನ್ನು ಕುರಿತು ಅವರು 1937ರಲ್ಲಿ ಪ್ರಕಟಿಸಿದ ಪ್ರಬಂಧವು ಪ್ರಸಿದ್ಧವಾದುದು. ‘ರಾಯ’ ಎಂಬ ಅವರ ಹೆಸರೂ ಚೂಡಿಯ ‘ನರ್ತಕ’ನೂ ಸೇರಿ ಈ ಸಮಾಸವಾಯಿತು. ದುಂಬಿಗೆ ಸೋತ ಹಳೆಯ ಪದವು ಹೀಗೆ ಉತ್ತರಪದವಾಗಿ ಬದುಕಿಕೊಂಡಿತು.

ಆದರೆ ಈ ಗೌರವದ ಜೊತೆಗೆ ಒಂದು ನಷ್ಟವೂ ಹೊಂದಿಕೊಂಡಿದೆ. ಪ್ರತಿಯೊಂದು ಜಾತಿನಾಮಕ್ಕೂ ಆಧಾರವಾಗಿ ಒಂದು ಮಾದರಿವ್ಯಕ್ತಿಯು ಸಂಗ್ರಹದಲ್ಲಿರಬೇಕು. ಸಂದೇಹ ಬಂದಾಗ ಅದೇ ಪ್ರಮಾಣ. ಸೆಂಟ್ರಲ್ ಕಾಲೇಜಿನಲ್ಲಿದ್ದ ರಾಯರ ಮಾದರಿಗಳು ಕಳೆದುಹೋಗಿವೆ. ಆದಕಾರಣ ಅವರು ಹೆಸರಿಸಿದ ಕೆಲವು ಕಪ್ಪೆಗಳು ಯಾವುವೆಂಬುದು ವಿವಾದಾಸ್ಪದವಾಗಿಯೇ ಉಳಿದಿದೆ. ಇದಕ್ಕೆ ಪ್ರತಿಯಾಗಿ, 19ನೆಯ ಶತಮಾನದಲ್ಲಿ ಸಿಂಹಳದಿಂದ ಸಾಗಿಸಿದ ಮಾದರಿಗಳು ಯೂರೋಪಿನ ಸಂಗ್ರಹಾಲಯಗಳಲ್ಲಿ ಉಳಿದುಬಂದುದರಿಂದಲೇ, ಈಗ ಕಾಡಿನಲ್ಲಿ ಎಲ್ಲಿಯೂ ಕಾಣಿಸದ ಹಲವು ದ್ವೀಪಮಂಡೂಕಗಳು ನಿಶ್ಶೇಷವಾದುವೆಂದು ನಿರ್ಣಯಿಸಲು ಸಾಧ್ಯವಾಯಿತು. ಅಲ್ಲಿ ಪ್ರಾಣಿಯು ಹೋಗಿ ಪ್ರಮಾಣವು ಉಳಿಯಿತು. ಇಲ್ಲಿ ಪ್ರಾಣಿಯು ಕಾಡಿನಲ್ಲಿದ್ದರೂ ಇರಬಹುದು, ಪ್ರಮಾಣವು ಹೋಯಿತು.

ಮೂಲಪ್ರತಿಯು ನಷ್ಟವಾದ ಕಾವ್ಯಕ್ಕೆ ಪಾಠನಿರ್ಣಯವು ಎಷ್ಟು ಕಷ್ಟವೋ, ಮಾದರಿಯು ನಷ್ಟವಾದ ಹೆಸರಿಗೆ ಅರ್ಥನಿರ್ಣಯವೂ ಅಷ್ಟೇ ಕಷ್ಟ. ನಾಮಕರಣದ ನಿಯಮಾವಳಿಯು ಇದಕ್ಕೊಂದು ಪರಿಹಾರವನ್ನು ಒಪ್ಪಿದೆ: ಅಗತ್ಯವು ಸಿದ್ಧವಾದಲ್ಲಿ, ಮೊದಲ ವರ್ಣನೆಗೆ ಹೊಂದುವ ವ್ಯಕ್ತಿಯನ್ನು ಸಾಧ್ಯವಾದಷ್ಟು ಮೂಲಸ್ಥಳದಿಂದಲೇ ತಂದು ಹೊಸ ಮಾದರಿಯಾಗಿ ಸ್ಥಾಪಿಸುವುದು. ಅದಕ್ಕೆ ಆ ಸ್ಥಳದ ಕಾಡು ಉಳಿದಿರಬೇಕು, ತಂದುದನ್ನು ಕಾಪಾಡುವ ಭಂಡಾರವೂ ಇರಬೇಕು.