ಗಿಡ್ಡ ಜೀನೂ ಆಲೂಗಡ್ಡೆ ಅಂಗಮಾರಿಯೂ

ಮೊನ್ನೆ ಅರಕಲಗೂಡಿಗೆ ಹೋಗಿದ್ದೆ. ತಮ್ಮ (ಚಿಕ್ಕಮ್ಮನ ಮಗ) ಮೂರು ತಿಂಗಳಿಂದ ಮಂಕು. "ನಮ್ಮ ವಂಶದಲ್ಲೇ ಐತೆ ಕಣಪ್ಪ, ತಾತನಿಗೂ ಹಿಂಗೇ ಆಗಿತ್ತು" ಅಂದರು ಚಿಕ್ಕಮ್ಮ. ಚನ್ನರಾಯಪಟ್ಟಣದ ಮಾವ ಒಪ್ಪಲಿಲ್ಲ. "ಎರಡು ವರ್ಷ ಆಲೂಗಡ್ಡೆಗೆ ಅಂಗಮಾರಿ ಬಿದ್ದರೆ ಯಾರಿಗಾದರೂ ತಲೆ ಕೆಡುತ್ತೆ!"

ಇದೇ ವಾದ ವಿಜ್ಞಾನದಲ್ಲೂ ನಡೆದಿದೆ. ನ್ಯೂಜಿಲೆಂಡಿನ ಡ್ಯುನೆಡಿನ್‌ನ 847 ಜನರ ಮಾಹಿತಿ ನೋಡಿದ ಕ್ಯಾಸ್ಪಿ, ಮೊಫಿಟ್ ತಂಡ, ಸೆರೊಟೋನಿನ್ ಸಾಗಣೆಯ ಜೀನ್ 'ಗಿಡ್ಡ'ವಾಗಿದ್ದವರು ಕಷ್ಟ ಬಂದಾಗ ಹೆಚ್ಚು ಖಿನ್ನರಾಗುತ್ತಾರೆ ಎಂದಿತು. ಅದು 2003. ಚಿಕ್ಕಮ್ಮನೂ ಸರಿ, ಮಾವನೂ ಸರಿ! ಭಾರೀ ಸದ್ದಾಯಿತು. 2009ರಲ್ಲಿ 14 ಅಧ್ಯಯನಗಳನ್ನು ಕೂಡಿಸಿ ನೋಡಿದರೆ ಕಷ್ಟದ ಪ್ರಭಾವ ಮಾತ್ರ ಉಳಿಯಿತು, ಆ ಜೀನಿನದು ಕಾಣಲಿಲ್ಲ. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಮುಂದೆ ಅದೂ ಸೇರಿ 18 'ಖ್ಯಾತ' ಜೀನ್‌ಗಳು ನಿಲ್ಲಲಿಲ್ಲ.

ಹಾಗಂತ ವಂಶದ ಮಾತು ಪೂರ್ತಿ ಸುಳ್ಳಲ್ಲ. ಅವಳಿಗಳ ಅಧ್ಯಯನಗಳಲ್ಲಿ ಅದರ ಪಾಲು ಸುಮಾರು ಶೇ. 37. ಆದರೆ ಒಂದು ಜೀನ್ ಅಲ್ಲ, ನೂರಾರು. ಒಂದೊಂದರದೂ ಸಾಸಿವೆ ಕಾಳಷ್ಟು.

ಚಿಕ್ಕಮ್ಮನ ಚಿಂತೆ ಬೇರೆ. ಮಗಳಿಗೆ ಹೊಳೆನರಸೀಪುರದ ಸಂಬಂಧ ಬಂದಿದೆ, "ಅವರಿಗೆ ಗೊತ್ತಾದರೆ?" ಅಂತ ಡಾಕ್ಟರ ಹತ್ತಿರ ಹೋಗುವುದನ್ನೇ ಮುಂದೂಡಿದ್ದರು. ಸೋಮವಾರ ತಮ್ಮನನ್ನು ನಾನೇ ಹಾಸನಕ್ಕೆ ಕರೆದುಕೊಂಡು ಹೋದೆ.