ಆಲೂಗಡ್ಡೆಗೂ ಶುಗರ್ ಟೆಸ್ಟ್!

ನಮ್ಮ ಕಡೆ ಸಕ್ಕರೆ ಕಾಯಿಲೆಗೆ ಬರೀ 'ಶುಗರ್' ಅಂತಾರೆ. "ಅವರಿಗೆ ಶುಗರ್ ಇದೆ" ಅಂದರೆ ಸಾಕು, ಕಾಫಿ ತರುವವರು ಸಕ್ಕರೆ ಡಬ್ಬ ಒಳಗಿಡುತ್ತಾರೆ. ಆದರೆ ಆಲೂಗಡ್ಡೆಗೂ ಶುಗರ್ ಬರುತ್ತೆ, ಅದಕ್ಕೂ ಟೆಸ್ಟ್ ಮಾಡ್ತಾರೆ, ಅದೂ ಒಂದು ಕಾಲದಲ್ಲಿ ಮನುಷ್ಯರಿಗೆಂದೇ ಮಾಡಿದ್ದ ಸ್ಟ್ರಿಪ್ ಹಿಡಿದು ಮಾಡ್ತಿದ್ದರು ಅಂದರೆ ನಂಬ್ತೀರಾ? ಚಿಪ್ಸ್ ಪೊಟ್ಟಣದ ಹಿಂದೆ ನೂರನಲವತ್ತು ವರ್ಷಗಳ ಇಂಥದ್ದೊಂದು ಕಥೆ ಇದೆ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಆಲೂಗಡ್ಡೆ ಮಣ್ಣಿಂದ ಕಿತ್ತ ಮೇಲೂ ಜೀವಂತವಾಗೇ ಇರುತ್ತೆ, ಉಸಿರಾಡುತ್ತೆ. ಬೆಚ್ಚಗಿಟ್ಟರೆ ಕೆಲವೇ ತಿಂಗಳಲ್ಲಿ ಮೊಳಕೆ ಒಡೆದು ಸುಕ್ಕಾಗುತ್ತೆ. ಸರಿ, ತಣ್ಣಗಿಡೋಣ ಅಂದರೆ ಮೊಳಕೆಯೇನೋ ನಿಲ್ಲುತ್ತೆ, ಆದರೆ ಒಳಗಿನ ಪಿಷ್ಟ ನಿಧಾನವಾಗಿ ಸಕ್ಕರೆಯಾಗಲು ಶುರುವಾಗುತ್ತೆ. ಇದನ್ನು 1882ರಲ್ಲೇ ವಿವರವಾಗಿ ಬರೆದವನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಹರ್ಮನ್ ಮ್ಯೂಲರ್-ಥುರ್ಗಾವ್. ವೈನ್ ಬಲ್ಲವರಿಗೆ ಈ ಹೆಸರು ಗೊತ್ತಿರಬಹುದು, ಅದೇ ಹೆಸರಿನ ದ್ರಾಕ್ಷಿ ತಳಿಯನ್ನು ಬೆಳೆಸಿದವನೂ ಇವನೇ.

ಸ್ವಲ್ಪ ಸಿಹಿಯಾದರೆ ಏನಂತೆ? ಪಲ್ಯಕ್ಕೆ ಅಷ್ಟೇನೂ ನಷ್ಟವಿಲ್ಲ. ಆದರೆ ಕುದಿಯುವ ಎಣ್ಣೆಗೆ ಬಿದ್ದಾಗ ಕಥೆಯೇ ಬೇರೆ. ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಲೂಗಡ್ಡೆಯಲ್ಲಿರುವ ಅಮೈನೋ ಆಮ್ಲಗಳ ಜೊತೆ ಸೇರಿ ಕಂದು ಬಣ್ಣ ಕೊಡುತ್ತವೆ. 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್. ಬ್ರೆಡ್ಡಿನ ಮೇಲ್ಪದರಕ್ಕೆ ಚಂದದ ಬಣ್ಣ, ಘಮ ಕೊಡುವುದೂ ಇದೇ. ಸಕ್ಕರೆ ಜಾಸ್ತಿಯಾದರೆ ಮಾತ್ರ ಚಿಪ್ಸ್ ಕಪ್ಪಾಗಿ, ಕಹಿಯಾಗುತ್ತೆ. ನಮ್ಮಲ್ಲಿ ಚಿಪ್ಸ್‌ಗೆ ಹೇಳುವ ಮಿತಿ 100 ಗ್ರಾಂ ಹಸಿ ಆಲೂಗಡ್ಡೆಯಲ್ಲಿ ಇಂಥ ಸಕ್ಕರೆ 100 ಮಿಲಿಗ್ರಾಂ ದಾಟಬಾರದು ಅಂತ. ಅಂದರೆ ಸಾವಿರದಲ್ಲಿ ಒಂದು ಪಾಲು! ನಾಲಿಗೆಗೆ ಇದು ತಿಳಿಯುವುದಿಲ್ಲ, ಕಣ್ಣಿಗಂತೂ ಇಲ್ಲವೇ ಇಲ್ಲ.

ಹಾಗಾದರೆ ಅಳೆಯುವುದು ಹೇಗೆ? ಸುಲಭದ ದಾರಿ, ನಾಲ್ಕು ಹೋಳು ಕರಿದು ಬಣ್ಣ ನೋಡುವುದು. ಇದು ಇವತ್ತಿಗೂ ನಡೆಯುತ್ತೆ. ಇನ್ನೊಂದು, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವೆಲ್ಲ ಕಾಯಿಸಿ ಇಟ್ಟಿಗೆ ಬಣ್ಣ ಬರಿಸಿದ್ದ ಫೆಹ್ಲಿಂಗ್ ದ್ರಾವಣದಂಥ ತಾಮ್ರದ ಪರೀಕ್ಷೆ. 1956ರಲ್ಲಿ ಅಮೆರಿಕದಲ್ಲಿ ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿ ರೂಪಿಸಿದ ಕ್ಲಿನಿಸ್ಟಿಕ್ಸ್ ಬಂತು. ಮೂತ್ರದಲ್ಲಿ ಗ್ಲುಕೋಸ್ ಇದ್ದರೆ ಬಣ್ಣ ಬದಲಾಗುವ ಸ್ಟ್ರಿಪ್ ಅದು. ಇಂಥ ಸ್ಟ್ರಿಪ್‌ಗಳನ್ನೇ ಆಲೂಗಡ್ಡೆಯವರು ಕೊಯ್ದ ಗಡ್ಡೆಯ ರಸಕ್ಕೆ ಹಿಡಿದರು. ನಿಮಿಷಗಳಲ್ಲಿ ಉತ್ತರ! ಆದರೆ ಇವು ಅಂದಾಜು ಹೇಳುತ್ತವೆ ಅಷ್ಟೇ, ಅದೂ ಗ್ಲುಕೋಸ್ ಒಂದನ್ನೇ.

ಮುಂದಿನ ಹೆಜ್ಜೆಯೂ ಬಂದದ್ದು ಆಸ್ಪತ್ರೆ ಕಡೆಯಿಂದಲೇ. 1962ರಲ್ಲಿ ಲೇಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಎಂಜೈಮ್ ಮತ್ತು ಎಲೆಕ್ಟ್ರೋಡ್ ಜೋಡಿಸಿ ಗ್ಲುಕೋಸ್ ಅಳೆಯುವ ಉಪಾಯ ಮುಂದಿಟ್ಟರು. 1975ರಲ್ಲಿ ಅದನ್ನಾಧರಿಸಿದ ಯಂತ್ರವನ್ನು ಒಹಾಯೊದ ಯೆಲ್ಲೋ ಸ್ಪ್ರಿಂಗ್ಸ್ ಇನ್‌ಸ್ಟ್ರುಮೆಂಟ್ ಕಂಪನಿ ಮಾರುಕಟ್ಟೆಗೆ ತಂದಿತು. ರಕ್ತ ಪರೀಕ್ಷೆಗೆ ಹುಟ್ಟಿದ ಈ ಯಂತ್ರದ ಸಂತತಿ ಆಮೇಲೆ ಆಲೂಗಡ್ಡೆ ಗೋದಾಮುಗಳಿಗೂ ಬಂತು.

ನನಗೆ ತುಂಬಾ ಇಷ್ಟವಾದದ್ದು ಜೋಸೆಫ್ ಸೊವೊಕಿನೋಸ್ ಅನ್ನುವ ಅಮೆರಿಕದ ವಿಜ್ಞಾನಿಯ 1978ರ ಕೆಲಸ. ಚಿಪ್ಸ್ ಕಪ್ಪಾಗಿಸುವುದು ಗ್ಲುಕೋಸ್, ಫ್ರಕ್ಟೋಸ್. ಆದರೆ ಅವು ಬರುವುದು ಸುಕ್ರೋಸ್ ಒಡೆದಾಗ. ಹಾಗಾಗಿ ಕೀಳುವ ಹೊತ್ತಿಗೇ ಸುಕ್ರೋಸ್ ಎಷ್ಟಿದೆ ಅಂತ ಅಳೆದರೆ, ಗಡ್ಡೆ ಬಲಿತಿದೆಯೇ, ಗೋದಾಮಿನಲ್ಲಿ ತಾಳಿಕೊಳ್ಳುತ್ತದೆಯೇ ಅಂತ ಮೊದಲೇ ಊಹಿಸಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಗ್ ಪ್ರೊಡಕ್ಷನ್‌ಗೆ ಹೋಗುವ ಮುಂಚೆಯೇ ಸಿಕ್ಕಿಬಿದ್ದ ಹಾಗೆ!

ಇಲ್ಲಿಯವರೆಗೆ ಇದೆಲ್ಲ ಬಣ್ಣ, ರುಚಿಯ ಮಾತಾಗಿತ್ತು. ಅದು ಬದಲಾದದ್ದು ಒಂದು ಸುರಂಗದಿಂದ. 1997ರಲ್ಲಿ ಸ್ವೀಡನ್ನಿನ ಹಾಲಂಡ್ಸೋಸ್‌ನಲ್ಲಿ ರೈಲ್ವೆ ಸುರಂಗದ ಸೋರಿಕೆ ತಡೆಯಲು ಬಳಸಿದ ರಾಸಾಯನಿಕದಿಂದ ಅಕ್ರಿಲಮೈಡ್ ನೀರಿಗೆ ಸೇರಿತು. ಮೀನು ಸತ್ತವು, ಹಸುಗಳು ಏಳಲಾರದೆ ಬಿದ್ದವು. ಕಾರ್ಮಿಕರ ರಕ್ತ ಪರೀಕ್ಷಿಸಿದ ವಿಜ್ಞಾನಿಗಳಿಗೆ, ಸುರಂಗದ ಹತ್ತಿರವೂ ಸುಳಿಯದವರ ರಕ್ತದಲ್ಲೂ ಅದರ ಗುರುತು ಸಿಕ್ಕಿತು. ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ, ಕರಿದ, ಸುಟ್ಟ ತಿಂಡಿಗಳಿಂದ! 2002ರ ಏಪ್ರಿಲ್‌ನಲ್ಲಿ ಇದು ಬಹಿರಂಗವಾಯಿತು. ಅದೇ ವರ್ಷ ಕಾರಣವೂ ತಿಳಿಯಿತು: ಆಲೂಗಡ್ಡೆಯಲ್ಲಿ ಧಾರಾಳವಾಗಿರುವ ಆಸ್ಪರಾಜಿನ್ ಎಂಬ ಅಮೈನೋ ಆಮ್ಲ, ಜೊತೆಗೆ ಅದೇ ಸಕ್ಕರೆ. ಅಕ್ರಿಲಮೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿದೆ ಅಂತ 1994ರಲ್ಲೇ ವರ್ಗೀಕರಿಸಲಾಗಿತ್ತು. ತಿಂಡಿಯ ಮೂಲಕ ಅಪಾಯ ಎಷ್ಟು ಅನ್ನುವುದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ಆದರೂ ಯುರೋಪಿಯನ್ ಯೂನಿಯನ್ 2018ರಿಂದ ಚಿಪ್ಸ್‌ಗೆ ಕಿಲೋಗೆ 750 ಮೈಕ್ರೋಗ್ರಾಂ ಅನ್ನುವ ಗುರಿಮಟ್ಟ ಇಟ್ಟಿದೆ.

ಇನ್ನು ನಮ್ಮ ದೇಶ. ಯುರೋಪಿನಲ್ಲಿ ಬೆಳೆ ಗೋದಾಮು ಸೇರುವಾಗ ಮುಂದೆ ಚಳಿಗಾಲ. ನಮ್ಮ ಉತ್ತರದ ಬಯಲಿನಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ಕೀಳುತ್ತಾರೆ, ಮುಂದೆ ಉರಿ ಬೇಸಿಗೆ. ಸಾಮಾನ್ಯ ಕೋಲ್ಡ್ ಸ್ಟೋರೇಜಿನ 2-4 ಡಿಗ್ರಿಯಲ್ಲಿಟ್ಟರೆ ಸಿಹಿಯಾಗುತ್ತೆ. ಅದಕ್ಕೇ ಚಿಪ್ಸ್‌ಗೆ ಅಂತಲೇ 10-12 ಡಿಗ್ರಿಯಲ್ಲಿ, ಮೊಳಕೆ ತಡೆಯುವ ಔಷಧ ಕೊಟ್ಟು ಇಡುತ್ತಾರೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಕುಫ್ರಿ ಚಿಪ್ಸೋನಾ-1 ಮತ್ತು 2 ತಳಿಗಳು 1998ರಲ್ಲಿ ಬಂದದ್ದೂ ಈ ಕೆಲಸಕ್ಕೇ. ನಮ್ಮ ಹಾಸನದ ಕಡೆಯ ಮುಂಗಾರು ಬೆಳೆಗೆ ಇಲ್ಲೊಂದು ಅನುಕೂಲ ಇದೆ: ಉತ್ತರದ ಗಡ್ಡೆ ಗೋದಾಮಿನಲ್ಲಿ ಕೂತಿರುವಾಗ ಇದು ಹೊಲದಿಂದ ನೇರ ಬರುತ್ತೆ.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇಷ್ಟೇ. ಬೆಳೆದವನು ಗಾತ್ರ ನೋಡಬಲ್ಲ, ಕೊಳೆತದ್ದನ್ನು ಆರಿಸಬಲ್ಲ. ಒಳಗಿನ ಸಕ್ಕರೆ ಅವನ ಕಣ್ಣಿಗೆ ಕಾಣುವುದಿಲ್ಲ, ಆದರೆ ಲಾರಿ ಒಳಗೆ ಹೋಗುತ್ತದೋ ವಾಪಸ್ ಬರುತ್ತದೋ ಅನ್ನುವುದನ್ನು ಅದೇ ತೀರ್ಮಾನಿಸಬಹುದು. ಆ ಟೆಸ್ಟ್ ಫ್ಯಾಕ್ಟರಿ ಗೇಟಿನಲ್ಲಿ ಮಾತ್ರ ಇದ್ದರೆ ಅದು ಬರೀ ತೀರ್ಪು. ಕೀಳುವ ಮೊದಲೇ ಹೊಲದಲ್ಲಿ ಸಿಕ್ಕಿದರೆ, ಇನ್ನೊಂದು ವಾರ ತಡೆಯೋಣ ಅನ್ನುವ ಅವಕಾಶ ರೈತನಿಗೂ ಇರುತ್ತೆ.